ಫೋನಿನೊಳಗಿನ ಚಪ್ಪರ

ಸಾಹೇಬರ ಮಗಳ ಮದುವೆಯಾಗಿ ತಿಂಗಳು ಕಳೆದಿತ್ತು. ಆದರೂ ಅವರ ಫೋನಿನಲ್ಲಿ ದಿನಾ ಒಂದೇ ಜಾಹೀರಾತು: "ನಿಮಗೊಪ್ಪುವ ಕನ್ಯೆ ಇಲ್ಲಿದ್ದಾಳೆ!" ಅದು ಹೆಂಡತಿಯ ಕಣ್ಣಿಗೆ ಬಿದ್ದು, ಮನೆಯಲ್ಲಿ ಕಾಫಿ ಬಂದ್ ಆಯಿತು.

ಸಾಹೇಬರು ಅಟೆಂಡರ್ ಪರಪ್ಪನ ಮೇಲೆ ಗುಡುಗಿದರು. "ಸಂಜೆಯೊಳಗೆ ಇದನ್ನ ನಿಲ್ಲಿಸು. ಇಲ್ಲದಿದ್ರೆ ನಾಳೆಯಿಂದ ಗೆದ್ದಲು ಹಿಡಿದ ರೆಕಾರ್ಡ್ ರೂಮೇ ನಿನಗೆ ಗತಿ!"

ಪರಪ್ಪ ತಲೆ ಕೆರೆದುಕೊಂಡ. "ಸಾರ್, ಮದುವೆ ಆದಮೇಲೆ ಮನೆ ಮುಂದಿನ ಚಪ್ಪರ ಬಿಚ್ಚಿಸಿದ್ರಾ?"

"ಬಿಚ್ಚಿಸದೆ? ಇಲ್ಲದಿದ್ರೆ ಓಲಗದವರು, ಬಳೆಗಾರರು ಇನ್ನೂ ಬರ್ತಾನೇ ಇರ್ತಿದ್ರು."

"ಫೋನಿನೊಳಗಿನ ಚಪ್ಪರ ಹಾಗೇ ಇದೆ ಸಾರ್. ನೀವು ಸಂಬಂಧ ಹುಡುಕಿದ್ದು ಅದಕ್ಕೆ ಗೊತ್ತು. ಯಾರಿಗೆ ಅಂತ ಗೊತ್ತಿಲ್ಲ, ಮದುವೆ ಮುಗಿದದ್ದೂ ಗೊತ್ತಿಲ್ಲ. ಮದುವೆ ಊಟಕ್ಕೂ ನೀವು ಅದನ್ನ ಕರೀಲಿಲ್ಲ!"

ಪರಪ್ಪ ಸೆಟ್ಟಿಂಗ್ಸ್‌ಗೆ ಹೋಗಿ ಹಳೆಯ ಹುಡುಕಾಟವನ್ನೆಲ್ಲ ಅಳಿಸಿದ. ನಮ್ಮ ಅಭಿರುಚಿ ನೋಡಿ ಜಾಹೀರಾತು ತೋರಿಸುವ ಗುಂಡಿಯನ್ನೂ ಆಫ್ ಮಾಡಿದ.

ಸಂಜೆ ಸಾಹೇಬರು ಮತ್ತೆ ಕೂಗಿದರು. "ಲೋ, ಈಗ ಎಮ್ಮೆ ಹಿಂಡಿಯ ಜಾಹೀರಾತು ಬಂದಿದೆಯಲ್ಲೋ!"

"ಒಳ್ಳೇದೇ ಆಯ್ತು ಸಾರ್. ನೀವು ಯಾರು ಅಂತ ಅದಕ್ಕೆ ಮರೆತುಹೋಗಿದೆ. ಹೋಗಿ ಅಮ್ಮಾವ್ರಿಗೆ ತೋರಿಸಿ."

ಸಾಹೇಬರು ಮನೆಗೆ ಹೋಗಿ ತೋರಿಸಿದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕು, ಕಾಫಿ ಲೋಟ ಮುಂದಿಟ್ಟರು.

"ಈಗ ನೋಡಿ, ಫೋನು ನಿಮ್ಮನ್ನ ಸರಿಯಾಗಿ ಗುರುತು ಹಿಡಿದಿದೆ!"