ಸೋರದ ಕಟ್ಟ

"ನಾನೊಬ್ಬ ನನ್ನ ಪಾಲು ಬಿಟ್ಟುಕೊಟ್ಟರೆ ಏನಾದೀತು ಗುರುಗಳೇ? ನಡುವಿನವನು ಹಿಡಿದಿಟ್ಟುಕೊಳ್ಳುತ್ತಾನಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಬ್ಬ ಹೆಂಗಸು ಬಳಚು ಹೆಕ್ಕಿ ಮಾರುತ್ತಿದ್ದಳು. ಚಿಪ್ಪಿನೊಳಗಿನ ಆ ಜೀವಕ್ಕೆ ಉಪ್ಪುನೀರೂ ಬೇಕು, ಸಿಹಿನೀರೂ ಬೇಕು. ಒಂದು ಬೇಸಗೆ ಮೇಲಿಂದ ಸಿಹಿನೀರು ಬರುವುದು ನಿಂತಿತು. ಉಪ್ಪು ಏರಿತು. ಬಳಚು ಬಾಯಿಬಿಟ್ಟು ಸಾಯತೊಡಗಿತು. ಅವಳ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಸತ್ತ ಚಿಪ್ಪು ನಾಲ್ಕನ್ನು ಸೆರಗಿಗೆ ಕಟ್ಟಿಕೊಂಡು ಅವಳು ಹೊಳೆಗುಂಟ ಮೇಲಕ್ಕೆ ನಡೆದಳು.

ದಾರಿಯಲ್ಲಿ ಏಳು ಊರು. ಬೇಸಗೆ ಬಂತೆಂದರೆ ಕಲ್ಲು, ಮಣ್ಣು, ಸೊಪ್ಪು ಒಟ್ಟಿ ಹೊಳೆಗೆ ಅಡ್ಡ ಕಟ್ಟ ಹಾಕುವುದು ಅಲ್ಲಿನ ರೂಢಿ. ಊರಿಗೊಂದು ಕಟ್ಟ. ಆರು ಊರಿನವರೂ "ಮೇಲಿಂದಲೇ ನೀರಿಲ್ಲ" ಎಂದು ಮೇಲಕ್ಕೆ ಕೈ ತೋರಿಸಿದರು. ಎಲ್ಲಕ್ಕೂ ಮೇಲಿನ ಏಳನೆಯದರಲ್ಲಿ ಒಬ್ಬ ರೈತ ಶೇಂಗಾ ಗದ್ದೆಗೆ ನೀರು ತಿರುಗಿಸುತ್ತಿದ್ದ.

"ಈ ಸಲ ಕಟ್ಟಕ್ಕೆ ಏನು ಮಾಡಿದಿರಿ ಅಣ್ಣಾ?"

ರೈತನಿಗೆ ಹೆಮ್ಮೆ. "ಮೊದಲೆಲ್ಲ ಸೊಪ್ಪಿನ ಸಂದಿಯಲ್ಲಿ ಸೋರುತ್ತಿತ್ತು ತಂಗೀ. ಈ ವರ್ಷ ಏಳು ಊರಿನವರೂ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೇವೆ. ಇರುವೆ ಕುಡಿಯುವಷ್ಟೂ ಆಚೆ ಹೋಗುವುದಿಲ್ಲ."

"ಆ ಸೋರಿದ್ದನ್ನೇ ನಾವು ಉಣ್ಣುತ್ತಿದ್ದೆವು" ಎಂದು ಅವಳು ಸೆರಗು ಬಿಚ್ಚಿದಳು.

ರೈತ ಚಿಪ್ಪುಗಳನ್ನು ನೋಡಿದ. ಅವನೇನು ಕೆಟ್ಟವನಲ್ಲ. ಹಾಳೆಯನ್ನು ಒಂದು ಗೇಣು ಸರಿಸಿದ. ಹೋದ ನೀರು ಕೆಳಗಿನ ಕಟ್ಟದಲ್ಲಿ ನಿಂತುಬಿಟ್ಟಿತು. ಆ ಊರಿನವನು ನಕ್ಕ. "ಏನೋ ಮಾರಾಯ, ನಿನ್ನ ಶೇಂಗಾಕ್ಕೆ ಬಾಯಾರಿಕೆ ಇಲ್ಲವೋ? ನಾನು ಬಿಟ್ಟರೆ ಕೆಳಗಿನವನು ಬಿಡುತ್ತಾನೆಯೇ? ಮೊದಲು ಅವನನ್ನು ಕೇಳು."

ಕೆಳಗಿನವನು ತನ್ನ ಕೆಳಗಿನವನನ್ನು ತೋರಿಸಿದ. ರೈತನೂ ಆ ಹೆಂಗಸೂ ಕಟ್ಟದಿಂದ ಕಟ್ಟಕ್ಕೆ ಅಲೆದರು. ಕೂಗಾಡಿದ್ದಾಯಿತು, ಬೇಡಿಕೊಂಡದ್ದಾಯಿತು, ಹನ್ನೊಂದು ದಿನ ಕಳೆಯಿತು. ಕೊನೆಗೆ ಏಳು ಊರಿನವರೂ ಒಂದೆಡೆ ಕೂತರು. ಮರುದಿನ ಬೆಳಿಗ್ಗೆ ಏಳು ಕಟ್ಟಗಳಲ್ಲೂ ಒಟ್ಟಿಗೇ ಹಾಳೆ ಸರಿಸಿದರು. ಶೇಂಗಾ ಸ್ವಲ್ಪ ಬಾಡಿತು, ಒಣಗಲಿಲ್ಲ. ಸಿಹಿನೀರು ಅಳಿವೆಯನ್ನು ಮುಟ್ಟಿತು. ಅರ್ಧದಷ್ಟು ಬಳಚು ಬದುಕಿತು.

"ಉಳಿದರ್ಧ?" ಎಂದ ಶಿಷ್ಯ.

"ಮೊದಲು ಯಾರು ಬಿಡಬೇಕು ಎಂದು ಏಳು ಊರಿನವರು ಮಾತಾಡಿದರಲ್ಲ, ಆ ಹನ್ನೊಂದು ದಿನದಲ್ಲಿ ಸತ್ತಿತು" ಎಂದರು ಗುರುಗಳು.