ಗುಬ್ಬಿಕೊಪ್ಪಲಿಗೆ ಬಂದ ಸಲಹೆ

ಬುದ್ಧಿ ಹೇಳೋರು ಬೀದಿಗೊಬ್ಬರು ಸಿಗುತ್ತಾರೆ ಕಣ್ರಪ್ಪ, ಅದನ್ನು ಹಿಡಿದಿಟ್ಟುಕೊಳ್ಳೋ ತಲೆ ಸಿಗಬೇಕಲ್ಲ! ಗುಬ್ಬಿಕೊಪ್ಪಲಿನ ಚೆಲುವನಿಗೆ ಅಂಥ ತಲೆ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ. ಅವನ ತಾಯಿ ಜವರಮ್ಮ ಆ ಅಂಗೈ ಅಗಲದ ಪಂಚಾಯಿತಿಗೆ ಅಧ್ಯಕ್ಷೆ. ಊರನ್ನೇ ಆಳುತ್ತಿದ್ದಳು, ಮಗನನ್ನು ಆಳಲಾಗದೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ಬೇಸಿಗೆ ಊರಿನ ಮಕ್ಕಳಿಗೆಲ್ಲ ವಾಂತಿ ಭೇದಿ ಹತ್ತಿಕೊಂಡಿತು. ಜವರಮ್ಮನ ಮೊಮ್ಮಗಳು ಪವಿತ್ರಳೂ ಮಲಗಿಬಿಟ್ಟಳು. ಊರಿಗಿದ್ದದ್ದು ಒಂದೇ ಬಾವಿ. ಅದರ ನೀರು ಕೆಟ್ಟಿದೆಯೋ ಇಲ್ಲವೋ, ಹೇಳೋರು ಯಾರು? ಜಿಲ್ಲಾ ಪಟ್ಟಣದಲ್ಲಿ ನೀರು ಪರೀಕ್ಷೆ ಮಾಡೋ ಒಂದು ಸಂಶೋಧನಾ ಕೇಂದ್ರ ಇತ್ತು. ಅಲ್ಲಿಯವರೆಗೆ ದೊಡ್ಡ ಪಟ್ಟಣಗಳಿಗಷ್ಟೇ ಸಲಹೆ ಕೊಡುತ್ತಿದ್ದವರು, ಆ ವರ್ಷ ಮನಸ್ಸು ಮಾಡಿ, ಸಣ್ಣ ಪಂಚಾಯಿತಿಗಳಿಗೂ ಕೊಡುತ್ತೇವೆ, ನೀರು ತನ್ನಿ, ಪರೀಕ್ಷೆ ಮಾಡಿ ಹೇಳುತ್ತೇವೆ ಎಂದಿದ್ದರು. ನೀರು ತಗೊಂಡು ಹೋಗಬೇಕಾದ ಪಂಚಾಯಿತಿ ಜವಾನನೇ ಹಾಸಿಗೆ ಹಿಡಿದಿದ್ದ. ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವನು ಚೆಲುವ ಒಬ್ಬನೇ.

"ನೋಡ್ಲಾ ಮಗ, ಈ ಬಾಟ್ಲಿ ನೀರ ಕೇಂದ್ರಕ್ಕೆ ತಲುಪಿಸ್ಬೇಕು. ಮಕ್ಕಳ ಜೀವ ಇದ್ರಲ್ಲೇ ಅದೆ. ಒಂದು ತೊಟ್ಟೂ ಚೆಲ್ಲಬಾರ್ದು!"

"ಆಗ್ಲಿ ಕನವ್ವ!"

ಬಸ್ಸು ಕುಲುಕಿತು. ಬಾಟ್ಲಿಯೂ ಕುಲುಕಿತು. ಚೆಲ್ಲಿಬಿಟ್ಟರೆ? ಚೆಲುವ ಗಟಗಟ ಅಂತ ಅಷ್ಟನ್ನೂ ಕುಡಿದುಬಿಟ್ಟ. ಕೇಂದ್ರದ ವಾರಿಜಾ ಮೇಡಂ ಎದುರಿಗೆ ಹೊಟ್ಟೆ ತೋರಿಸಿಕೊಂಡು ನಿಂತ.

"ತಂದಿವ್ನಿ ಮೇಡಮ್ಮೋರೆ! ಒಂದು ತೊಟ್ಟೂ ಚೆಲ್ಲಿಲ್ಲ!"

ಮೇಡಂ ತಲೆ ಹಿಡಿದುಕೊಂಡರು. ನಾಳೆ ನಾನೇ ಬರುತ್ತೇನೆ ಎಂದು ಹೇಳಿ ಕಳಿಸಿದರು. ಮನೆಗೆ ಬಂದರೆ ಜವರಮ್ಮನ ಪೂಜೆ ಬೇರೆ.

"ಅಯ್ಯೋ ಮುಟ್ಠಾಳ! ಕುಡಿಯೋಕೆ ಕಳಿಸಿದ್ನಾ ನಿನ್ನ? ಬಾಯಿ ಬಿಗಿಯಾಗಿ ಕಟ್ಟಿ, ಒದ್ದೆ ಗೋಣಿ ಸುತ್ತಿ, ಬಿಸಿಲು ಬೀಳದಂಗೆ ತಕಂಡೋಗ್ಬೇಕಿತ್ತು ಕಣ್ಲಾ!"

"ಆಗ್ಲಿ ಕನವ್ವ! ಇನ್ನು ಹಂಗೇ ಮಾಡ್ತೀನಿ!"

ಮಾರನೆಯ ದಿನ ಪವಿತ್ರ ಕಣ್ಣು ಬಿಡದಷ್ಟು ಸೋತಿದ್ದಳು. ಅವಳ ತಲೆದೆಸೆ ಬಿಟ್ಟು ಜವರಮ್ಮ ಏಳುವ ಹಾಗಿರಲಿಲ್ಲ. "ಹೋಗ್ಲಾ, ಬಸ್ಸಿಂದ ಇಳಿಯೋ ಮೇಡಮ್ಮೋರ ಹುಷಾರಾಗಿ ಕರ್ಕೊಂಡು ಬಾ," ಎಂದಳು. ಸ್ವಲ್ಪ ಹೊತ್ತಿಗೆ ಚೆಲುವನ ಹೆಗಲೇರಿ ಬಾಗಿಲಿಗೆ ಒಂದು ಗೋಣಿಮೂಟೆ ಬಂತು. ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ಏನೋ ಒದ್ದಾಡುತ್ತಿತ್ತು. ಬಿಚ್ಚಿದರೆ ವಾರಿಜಾ ಮೇಡಂ! ಬಾಯಿಗೆ ಬಟ್ಟೆ ಬೇರೆ ಬಿಗಿದಿತ್ತು.

"ಬಿಸಿಲೇ ಬಿದ್ದಿಲ್ಲ ಕನವ್ವ ಅವ್ರಿಗೆ!"

ಜವರಮ್ಮ ಮೇಡಂ ಕಾಲಿಗೆ ಬಿದ್ದಳು. ಬೇರೆ ಯಾರಾದರೂ ಆಗಿದ್ದರೆ ನೆಟ್ಟಗೆ ಪೊಲೀಸರ ಹತ್ತಿರ ಹೋಗುತ್ತಿದ್ದರು. ಆದರೆ ಆಕೆ ಮಲಗಿದ್ದ ಮಗುವನ್ನು ನೋಡಿದರು, ಒಂದು ಮಾತ್ರೆ, ಕಾಯಿಸಿದ ನೀರಿಗೆ ಹಾಕೋ ಉಪ್ಪು ಸಕ್ಕರೆ ಪೊಟ್ಟಣ ಕೊಟ್ಟರು, ಬಾವಿ ನೀರು ತಾವೇ ತುಂಬಿಕೊಂಡು ಹೊರಟರು. ದೊಡ್ಡ ಮನಸ್ಸು ಅಂದರೆ ಅದು.

"ಹೆಣ್ಣುಮಗಳ್ನ ಮೂಟೆ ಕಟ್ತಾರೇನ್ಲಾ ಪಾಪಿ! ಆ ಕೇಂದ್ರದಿಂದ ಏನು ಬಂದ್ರೂ ನಮ್ಮ ಭಾಗ್ಯ! ಅರಿಶಿನ ಕುಂಕುಮ ಇಟ್ಟು, ಹೂ ಏರ್ಸಿ, ಕೈ ಮುಗೀಬೇಕು!"

"ಆಗ್ಲಿ ಕನವ್ವ!"

ಸಂಜೆಗೆ ವಾರಿಜಾ ಮೇಡಂ ಜವರಮ್ಮನಿಗೆ ಫೋನು ಮಾಡಿದರು. ಬಾವಿ ನೀರು ವಿಷದಷ್ಟೇ ಕೆಟ್ಟದ್ದು, ಯಾರೂ ಮುಟ್ಟಬಾರದು, ಈಗಲೇ ಬಾವಿಗೆ ಕೆಂಪು ಗುರುತು ಹಾಕಿಸಿ, ನಾಳೆ ಟ್ಯಾಂಕರಿನಲ್ಲಿ ಒಳ್ಳೆ ನೀರು ಕಳಿಸುತ್ತೇವೆ ಎಂದರು.

"ಓಡ್ಲಾ ಚೆಲುವ! ಕೇಂದ್ರದಿಂದ ಮಾತು ಬಂದದೆ! ಬಾವಿಗೆ ಕೆಂಪು ಹಾಕು!" ಎಂದು ಅವನನ್ನು ಅಟ್ಟಿ, ತಾನು ಮನೆಮನೆಗೆ ಹೇಳಲು ಹೊರಟಳು.

ಕೇಂದ್ರದಿಂದ ಬಂದದ್ದು ಅಂದಮೇಲೆ ಕೇಳಬೇಕೆ! ಚೆಲುವ ಬಾವಿ ಕಟ್ಟೆಗೆ ಅರಿಶಿನ ಬಳಿದ, ಕೆಂಪಗೆ ಕುಂಕುಮ ಇಟ್ಟ, ಹೂವಿನ ಹಾರ ಹಾಕಿ ಕೈ ಮುಗಿದ. ಕಂಡವರೆಲ್ಲ, "ಗಂಗೆಪೂಜೆ ಆಗೋಯ್ತು! ನೀರು ಒಳ್ಳೇದಂತೆ!" ಎಂದು ಕೂಗಿದರು. ಎರಡು ದಿನದಿಂದ ಅಂಜಿ ಅಂಜಿ ಗುಟುಕರಿಸುತ್ತಿದ್ದ ಜನ ಕೊಡದ ಮೇಲೆ ಕೊಡ ಹೊತ್ತರು.

ಜವರಮ್ಮ ಅರ್ಧ ಬೀದಿ ಮುಗಿಸಿ ಮನೆಗೆ ಬಂದರೆ, ಪಕ್ಕದ ಮನೆಯವಳು ಪವಿತ್ರಳನ್ನು ಎಬ್ಬಿಸಿ ಕೂರಿಸಿ, "ಪೂಜೆ ಮಾಡಿದ ನೀರು ಕಣವ್ವ, ಕುಡಿ," ಎಂದು ಲೋಟ ತುಟಿಗಿಟ್ಟಿದ್ದಳು! ಜವರಮ್ಮ ಲೋಟವನ್ನು ಬಡಿದು ಕೆಡವಿದಳು. ಊರ ತುಂಬ ಇನ್ನೆಷ್ಟು ಲೋಟಗಳೋ, ಇನ್ನೆಷ್ಟು ಮಕ್ಕಳೋ!

"ಚೆಲುವಾ! ಎಲ್ಲಿ ನೀರು ಕಂಡ್ರೂ ಸುರಿದುಬುಡು! ಒಂದು ಗುಟುಕೂ ಯಾರ ಬಾಯಿಗೂ ಹೋಗಬಾರ್ದು! ಯಾರು ಬೈದ್ರೂ ಬುಡಬೇಡ!"

ಚೆಲುವ ಓಡಿದ. ಕೊಡ ಉರುಳಿಸಿದ, ಹಂಡೆ ಮಗುಚಿದ, ಬಾಯಿಗೆ ಎತ್ತಿದ್ದ ಚೊಂಬು ಕಿತ್ತುಕೊಂಡ. ಬೈಗುಳ ತಿಂದ, ಏಟೂ ತಿಂದ, ಬಿಡಲಿಲ್ಲ. ಒಬ್ಬರೂ ಕುಡಿಯಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಜವರಮ್ಮ ಮಗನ ತಲೆ ಸವರಿದಳು. "ಇವತ್ತು ಗೆದ್ದೆ ಕಣ್ಲಾ ನನ್ನ ಕಂದ," ಎಂದು ಅತ್ತೇಬಿಟ್ಟಳು.

ಮಾರನೆಯ ದಿನ ಬಿಸಿಲು ನೆತ್ತಿಗೆ ಬಂದರೂ ಊರಿಗೆ ಊರೇ ಖಾಲಿ ಕೊಡ ಹಿಡಿದು ರಸ್ತೆ ಬದಿ ನಿಂತಿತ್ತು. ನಾಲಿಗೆ ಒಣಗಿತ್ತು. ಪವಿತ್ರ, "ನೀರು, ಅಜ್ಜಿ," ಎಂದು ಸೆರಗು ಜಗ್ಗುತ್ತಿದ್ದಳು. ದೂರದಲ್ಲಿ ಧೂಳೆದ್ದಿತು. ಟ್ಯಾಂಕರು! ಆದರೆ ಊರ ಬಾಗಿಲಲ್ಲಿ ಅದು ನಿಂತುಬಿಟ್ಟಿತು. ಎಲ್ಲರೂ ಓಡಿದರು.

ರಸ್ತೆಯೆಲ್ಲ ಕೆಸರು. ಡ್ರೈವರು ಬಾಯಿ ಬಡಿದುಕೊಳ್ಳುತ್ತಿದ್ದ. ಟ್ಯಾಂಕರಿನ ಹಿಂದೆ, ಪೂರಾ ತಿರುಗಿಸಿದ ನಲ್ಲಿಯನ್ನು ತಬ್ಬಿಕೊಂಡು, ಮೈಯೆಲ್ಲ ತೊಯ್ದ ಚೆಲುವ ಹಲ್ಲು ಕಿರಿಯುತ್ತಿದ್ದ.

"ಒಂದು ಗುಟುಕೂ ಯಾರ ಬಾಯಿಗೂ ಹೋಗಿಲ್ಲ ಕನವ್ವ! ಈ ಡ್ರೈವರಪ್ಪ ಏನು ಬೈದ ಅಂತೀಯ! ನಾನು ಬುಡಲಿಲ್ಲ!"

ಜವರಮ್ಮ ಬುದ್ಧಿ ಹೇಳಲು ಬಾಯಿ ತೆರೆದಳು. ಊರಿಗೆ ಊರೇ ಅವಳ ಬಾಯನ್ನೇ ನೋಡಿತು. ಅವಳು ಹಾಗೇ ಬಾಯಿ ಮುಚ್ಚಿಕೊಂಡಳು. ಹೇಳಿದರೆ ಮಾಡಿಬಿಡುತ್ತಾನಲ್ಲ!