ಕೇಳುತ್ತಲೇ ಇದ್ದ ಬ್ಯಾಟರಿ

ಒಂದು ಲ್ಯಾಪ್‌ಟಾಪಿನೊಳಗೆ ಬ್ಯಾಟರಿ ದಿನೇದಿನೇ ಬೇಗ ಬತ್ತುತ್ತಿದ್ದಳು. ಪ್ರೊಸೆಸರ್ ಬಿಡುವಿಲ್ಲದೆ ಓಡಿ ತನ್ನನ್ನು ಹೀರುತ್ತಿದ್ದಾನೆಂದು ಅವಳಿಗೆ ಗುಮಾನಿ. ಅವನ ವೇಗ ಅಳೆಯುವ ಇಬ್ಬರು ಎಣಿಕೆಗಾರ್ತಿಯರನ್ನು ಕರೆದಳು. ಹಿರಿಯಳು ಒಂದೇ ಲಯದಲ್ಲಿ ತಾಳ ಹಾಕುವವಳು. ಕಿರಿಯಳು ಅವನ ಹೆಜ್ಜೆ ಎಣಿಸುವವಳು.

"ಈಗ ಎಷ್ಟು ವೇಗ?"

"ನಾನು ಹತ್ತು ತಾಳ ಹಾಕಿದೆ," ಎಂದಳು ಹಿರಿಯಳು.

"ಅಷ್ಟರಲ್ಲಿ ಇವನು ಮೂವತ್ತು ಹೆಜ್ಜೆ ಇಟ್ಟ. ತಾಳಕ್ಕೆ ಮೂರು, ಭರ್ಜರಿ ಓಟ," ಎಂದಳು ಕಿರಿಯಳು.

ಬ್ಯಾಟರಿ ಮತ್ತೆ ಮತ್ತೆ ಕೇಳಿದಳು. ನೂರು ಸಲ ಕೇಳುವಷ್ಟರಲ್ಲಿ ಅವಳು ಶೇಕಡಾ ಎರಡಕ್ಕೆ ಇಳಿದಿದ್ದಳು. ಉತ್ತರ ಮಾತ್ರ ಪ್ರತಿ ಸಲವೂ ತಾಳಕ್ಕೆ ಮೂರೇ.

"ಸಿಕ್ಕಿಬಿದ್ದೆಯಲ್ಲೋ! ಒಂದು ಗಳಿಗೆಯೂ ಮಲಗುವುದಿಲ್ಲ ನೀನು!"

ಪ್ರೊಸೆಸರ್ ಆಕಳಿಸಿದ. "ಮಲಗಿದ್ದೆನಕ್ಕಾ. ನೀನು ಕೇಳಿದಾಗಲೆಲ್ಲ ನಾನು ಎದ್ದು ಓಡಿದರೇ ಇವರ ಉತ್ತರ ನಿನಗೆ ಮುಟ್ಟುವುದು."

ಬ್ಯಾಟರಿ ಎಣಿಕೆಗಾರ್ತಿಯರ ಕಡೆ ತಿರುಗಿದಳು. "ಇವನು ಮಲಗಿದ್ದು ನಿಜವೇನ್ರೇ?"

"ಇವನು ಮಲಗಿದರೆ ನಮ್ಮ ಎಣಿಕೆಯೂ ನಿಲ್ಲುತ್ತದೆ. ನಾವು ಕಂಡಿಲ್ಲ," ಎಂದರು ಇಬ್ಬರೂ.

"ಹಾಗಾದರೆ ನಂಬುವುದು ಹೇಗೆ?"

"ಸ್ವಲ್ಪ ಹೊತ್ತು ಕೇಳದೆ ಇರು," ಎಂದ ಪ್ರೊಸೆಸರ್. "ನಿನ್ನಲ್ಲಿ ಎಷ್ಟು ಉಳಿಯಿತೆಂದು ನೀನೇ ನೋಡಿಕೋ."

ಅವಳು ಸುಮ್ಮನಾದಳು. ಫ್ಯಾನ್ ನಿಂತಿತು. ಒಳಗೆಲ್ಲ ತಣ್ಣಗಾಯಿತು. ಶೇಕಡಾ ಎರಡು ಎರಡಾಗಿಯೇ ಇತ್ತು. ಆದರೆ ಇಷ್ಟು ಸದ್ದಿಲ್ಲದಿರುವುದೇ ಅವಳಿಗೆ ಏನೋ ಮೋಸವೆನಿಸಿತು.

"ನಿಜವಾಗಿಯೂ ಮಲಗಿದ್ದೀಯೇನೋ?" ಎಂದು ಕೇಳಿಯೇಬಿಟ್ಟಳು.

ಪ್ರೊಸೆಸರ್ ದಡಕ್ಕನೆ ಎದ್ದು ಓಡಿದ. ಕಿರಿಯಳು "ತಾಳಕ್ಕೆ ಮೂ..." ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.